ಪಡುವಲು ೪

ಡುಲೂತ್ ಊರಿನ ನವೆಂಬರು.
ಕಿಟಕಿಯಾಚೆ ಸರೋವರ ಸೀಸದ ತಗಡು.
ಅದಿರು ತುಂಬಿದ ಹಡಗೊಂದು ಸೇತುವೆ ಎತ್ತಿರೆಂದು
ಕೂಗಿ, ಇನ್ನೊಮ್ಮೆ ಕೂಗಿ, ಸುಮ್ಮನಾಗುತ್ತದೆ.
ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ
ನಾನು ಹಿತ್ತಾಳೆ ಕಾಯಿಸುತ್ತಿದ್ದೇನೆ.

ಹೇಳುವುದು ಕಷ್ಟ ನನ್ನ ಕಸುಬು:
ಕೆತ್ತುವವಳಲ್ಲ, ವಿವರಿಸುವವಳೂ ಅಲ್ಲ,
ಬೀಳದ ಹಾಗೆ ನಿಲ್ಲಿಸುವವಳು.
ಕೊಕ್ಕೆ, ಕೀಲು, ಉಗುರಗಲದ ಹಿಡಿ,
ಮೇಲೆ ಕಲ್ಲಿನದೇ ಬಣ್ಣ.
ನನ್ನ ಕೆಲಸ ಕಂಡರೆ
ಕೆಲಸ ಕೆಟ್ಟಿತೆಂದೇ ಲೆಕ್ಕ.

ಈ ಸಲ ಮೇಜಿನ ಮೇಲೆ ಇಬ್ಬರು.
ಅಮೃತಶಿಲೆಯ ಹುಡುಗ, ಮೂಗಿಲ್ಲ,
ಗ್ರೀಸಿನ ಕಂಚು ನೋಡಿ ರೋಮಿನವರು ಮಾಡಿದ ನಕಲು.
ಬಂಡೆಯ ಮೇಲೆ ಕೂತು, ಪಾದ ತೊಡೆಗೇರಿಸಿ
ಮುಳ್ಳು ತೆಗೆಯುತ್ತಿದ್ದಾನೆ.
ಪಕ್ಕದಲ್ಲಿ ಮದನಿಕೆ, ಬಳಪದ ಕಲ್ಲು,
ಒಂಟಿಕಾಲಲ್ಲಿ ನಿಂತು, ಬಳ್ಳಿಗೊಂದು ಕೈ ಕೊಟ್ಟು
ಅವಳೂ ಮುಳ್ಳು ತೆಗೆಯುತ್ತಿದ್ದಾಳೆ.

ಸೋಲ್ವೇಗ್ ಹೌಗನ್ ಬರೆದ ಫಲಕ ಅಚ್ಚಾಗಿ ಬಂದಿದೆ:
'ಪಶ್ಚಿಮಕ್ಕೆ ನೋವು ಮುಖ್ಯ, ಪೂರ್ವಕ್ಕೆ ಅಲಂಕಾರ.
ಒಂದು ದೇಹವನ್ನು ನೋಡುತ್ತದೆ,
ಇನ್ನೊಂದು ದೇಹವನ್ನು ಕನಸುತ್ತದೆ.'
ಒಳ್ಳೆಯ ಹೆಂಗಸು, ಕಾಫಿ ತಂದುಕೊಡುತ್ತಾಳೆ,
ಮೂವತ್ತು ವರ್ಷ ಓದಿದ್ದಾಳೆ. ನಾನೇನು ಹೇಳಲಿ?
ಭೂತಗನ್ನಡಿ ಹಿಡಿದು ಎರಡೂ ಅಂಗಾಲು ನೋಡಿದೆ.
ಮುಳ್ಳು ಅಲ್ಲೂ ಇಲ್ಲ, ಇಲ್ಲೂ ಇಲ್ಲ.
ಇಬ್ಬರು ಶಿಲ್ಪಿಗಳೂ
ಅದೊಂದನ್ನು ನಮಗೇ ಬಿಟ್ಟಿದ್ದಾರೆ.

ವ್ಯತ್ಯಾಸ ಇಲ್ಲವೆಂದಲ್ಲ.
ಅವನಿಗೆ ಕೂರಲು ಪುರುಸೊತ್ತಿತ್ತು.
ಇವಳ ತಲೆಯ ಮೇಲೆ ಸೂರಿನ ಭಾರ,
ಮುಳ್ಳೂ ತೆಗೆಯಬೇಕು, ಮಾಳಿಗೆಯೂ ಹೊರಬೇಕು.
ಇದು ಫಲಕದಲ್ಲಿಲ್ಲ.

ಟೊಯ್ವೋ ಬಂದು ತೋಳು ಕೊಟ್ಟ.
ಹೂಂ ಎಂದು ಇಬ್ಬರೂ ಅವಳನ್ನು ಬೋರಲು ಮಲಗಿಸಿದೆವು.
ಬೆನ್ನು ಒರಟು. ಯಾರೂ ನೋಡರೆಂದು
ಉಳಿ ಅವಸರದಲ್ಲಿ ಓಡಿದೆ.
ಬ್ರಷ್ಷಿನಿಂದ ಧೂಳು ಕೆರೆದರೆ ಅಕ್ಷರ.
ಸ್ಲೇಟಿನ ಮೇಲೆ ಅ ಆ ತಿದ್ದಿದ್ದು
ಇದೇ ಕಲ್ಲಿನ ಚೂರಿನಿಂದಲ್ಲವೆ,
ಈಗ ಕಲ್ಲೇ ನನಗೆ ಓದಿಸುತ್ತಿದೆ:
ಪಡುವಲು ೪.

ಹೆಸರಲ್ಲ, ಬಿರುದಲ್ಲ, ದೇವರೂ ಅಲ್ಲ.
ಕಲ್ಲು ಏರಿಸುವವರಿಗೆ ಬರೆದ ಗುರುತು,
'ಪಶ್ಚಿಮದ ಗೋಡೆ, ನಾಲ್ಕನೆಯದು,
ಅದಲುಬದಲು ಮಾಡಬೇಡಿ.'

ನಗು ತಡೆಯಲಾಗಲಿಲ್ಲ.
ಮೇಲೆ ಬಾಗಿಲಲ್ಲಿ ಎರಡಾಳೆತ್ತರದ ಬ್ಯಾನರು,
ಇವಳನ್ನು ಪೂರ್ವ ಎಂದು ಕರೆಯುತ್ತಿದೆ.

ಸೋಲ್ವೇಗ್ ಓದಿಸಿ ಕೇಳಿದಳು, ತಾನೂ ನಕ್ಕಳು,
ಆಮೇಲೆ ನಗಲಿಲ್ಲ.
'ಬ್ಯಾನರಿಗೆ ದುಡ್ಡು ಕೊಟ್ಟಾಗಿದೆ' ಎಂದಳು.
ಟೊಯ್ವೋ ಕೈ ಒರೆಸಿಕೊಳ್ಳುತ್ತ,
'ನಮ್ಮಜ್ಜಿ ಫಿನ್ಲೆಂಡಿನವಳು.
ರಷ್ಯದವರಿಗೆ ಪಶ್ಚಿಮದವಳು, ಸ್ವೀಡನ್ನಿನವರಿಗೆ ಪೂರ್ವದವಳು.
ಅವಳಿಗೆ ಮಾತ್ರ
ಆಲೂಗಡ್ಡೆ ಹೊಲದ ಈ ಬದುವಿನವಳು.'

ರಾತ್ರಿ ಒಬ್ಬಳೇ ಕೂತು ಹಿಡಿ ಬಾಗಿಸಿದೆ.
ಪೀಠದ ಮೇಲೆ ನೆಟ್ಟಗೆ, ಕಣ್ಣೆತ್ತರಕ್ಕೆ ಎಂದಿತ್ತು ನಕ್ಷೆ.
ಅದು ಹುಡುಗನಿಗೆ ಸರಿ.
ಇವಳು ಸೂರಿನಡಿಯಿಂದ ಮುಂದಕ್ಕೆ ಬಾಗಿ
ಕೆಳಗೆ ಪ್ರದಕ್ಷಿಣೆ ಬರುವವರ ನೆತ್ತಿ ನೋಡಿದವಳು.
ನೆಟ್ಟಗೆ ನಿಲ್ಲಿಸಿದರೆ ನಡು ಡೊಂಕಾಗಿ ಕಾಣುತ್ತದೆ,
ಆಮೇಲೆ ಯಾರೋ ಅದಕ್ಕೂ ಒಂದು ಸಿದ್ಧಾಂತ ಬರೆಯುತ್ತಾರೆ.
ಹನ್ನೊಂದು ಡಿಗ್ರಿ ಬಾಗಿಸಿದೆ, ಎತ್ತರಕ್ಕೇರಿಸಿದೆ,
ನಕ್ಷೆಯಲ್ಲಿ ಪೆನ್ಸಿಲಿನಿಂದ ತಿದ್ದಿದೆ.
ಗೋಡೆ ಯಾವುದೆಂದು
ಗಡಿಯಾರದ ದಿಕ್ಸೂಚಿ ಹೇಳಿತು.

ಬೆಳಿಗ್ಗೆ ಟೊಯ್ವೋ ಕೆಳಗೆ ನಿಂತು,
ಕತ್ತೆತ್ತಿ ನೋಡಿ ನೋಡಿ ಕೇಳಿದ:
'ಇವಳು ನಾಲ್ಕು ಅಂದೆಯಲ್ಲ,
ಮೂರು ಎಲ್ಲಿದ್ದಾಳೆ? ಐದು?'

ಹುಡುಗನ ಕಡೆ ಅವನು ನೋಡಲೇ ಇಲ್ಲ.
ಏಣಿಯ ಮೇಲೆ ಸ್ಕ್ರೂ ಬಾಯಲ್ಲಿ ಕಚ್ಚಿಕೊಂಡು
ನಾನು ಅವಳ ಎಡಬಲದ ಬಿಳಿ ಗೋಡೆ ನೋಡಿದೆ.
ಸಮುದ್ರದಾಚೆ ಎಲ್ಲೋ ಒಂದು ಸೂರಿನಲ್ಲಿ
ಮೂರಕ್ಕೂ ಐದಕ್ಕೂ ನಡುವೆ
ಒಂದು ಹಾರೆಯ ಗಾಯ.
ಹೊರಗೆ ಹಡಗು ಮತ್ತೆ ಕೂಗಿತು.